ಮುಡಿಪು ಕಟ್ಟಿದ ನೋವು

ನಮ್ಮೂರಿಗೆ ಹೊಸದಾಗಿ ಬಂದವರು ಮೊದಲು ನೋಡುವುದು ದಾರಗಳನ್ನು. ಒಬ್ಬರ ಮೊಣಕಾಲಿಗೆ ಅರಿಶಿನದ ದಾರ, ಇನ್ನೊಬ್ಬರ ಹೆಬ್ಬೆರಳಿಗೆ ಅರಿಶಿನದ ದಾರ, ಮತ್ತೊಬ್ಬರ ದವಡೆ ಸುತ್ತಿ ನೆತ್ತಿಯ ಮೇಲೆ ಗಂಟು ಹಾಕಿದ ಅರಿಶಿನದ ದಾರ. ಏನಮ್ಮಾ ಇದು, ಊರಿಗೆ ಊರೇ ಮದುವೆ ಮಾಡಿಕೊಂಡಿದೆಯಾ ಅಂತ ಕೇಳುತ್ತಾರೆ. ಮದುವೆಯಲ್ಲ ಸ್ವಾಮಿ, ಮುಡಿಪು. ನಮ್ಮೂರಲ್ಲಿ ನೋವನ್ನು ಕಂಡಕಂಡವರಿಗೆ ತೋರಿಸುವ ಹಾಗಿಲ್ಲ. ಬೇರೆ ಊರಿನವರು ದೇವರಿಗೆ ಕಾಸು ಮುಡಿಪು ಕಟ್ಟುತ್ತಾರಲ್ಲ, ಹಾಗೆ ನಾವು ನೋವನ್ನು ಮಕ್ಕಳಿಗೆ ಮುಡಿಪು ಕಟ್ಟುತ್ತೇವೆ.

ಯಾವ ಮಕ್ಕಳಿಗೆ? ಡಾಕ್ಟರಾಗುವ ಮಕ್ಕಳಿಗೆ. ಯಾವ ಮಗು ಡಾಕ್ಟರಾಗುತ್ತದೆ ಅಂತ ಹೇಗೆ ಗೊತ್ತಾಗುತ್ತದೆ? ಅಯ್ಯೋ, ಅದೇನು ಬ್ರಹ್ಮವಿದ್ಯೆಯಲ್ಲ. ಮಗು ಒಂದು ಚಿಂದಿ ಬಟ್ಟೆ ತಗೊಂಡು ಕುರ್ಚಿಯ ಕಾಲಿಗೋ ಬೆಕ್ಕಿನ ಬಾಲಕ್ಕೋ ಸುತ್ತಿದರೆ ಮುಗೀತು. ಓಣಿಯ ಹಿರಿಯರೆಲ್ಲ ಅದರ ಮುಂದೆ ಸಾಲಾಗಿ ನಿಲ್ಲುತ್ತಾರೆ. ತಮ್ಮ ತಮ್ಮ ನೋಯುವ ಜಾಗಕ್ಕೆ ಮಗುವಿನ ಅಂಗೈ ಒತ್ತಿಸಿಕೊಂಡು, "ಇದು ನಿನ್ನದು. ನೀನು ಬರುವ ತನಕ ಇನ್ನೊಬ್ಬರು ಮುಟ್ಟುವ ಹಾಗಿಲ್ಲ" ಅನ್ನುತ್ತಾರೆ, ದಾರ ಕಟ್ಟಿಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಮಗು ಬೆಳೆಯಬೇಕು, ನೋವು ಕಾಯಬೇಕು. ಮುಡಿಪು ಅಂದರೆ ಮುಡಿಪು.

ಹಾಗಂತ ಊರಲ್ಲಿ ಡಾಕ್ಟರೇ ಇಲ್ಲ ಅಂದುಕೊಳ್ಳಬೇಡಿ. ಒಬ್ಬರಿದ್ದಾರೆ, ಒಳ್ಳೆಯವರು, ಪಾಪ. ಆದರೆ ಊರಿನ ನೋವೆಲ್ಲ ಮಕ್ಕಳ ಹೆಸರಲ್ಲಿ ಕಟ್ಟಿಟ್ಟಿರುವಾಗ ಅವರ ಬಾಗಿಲು ತಟ್ಟುವವರು ಯಾರು? ಯಾವನಾದರೂ ದಾರಿಹೋಕನ ಕಾಲು ಉಳುಕಿದರೆ ಅವರಿಗೆ ಹಬ್ಬ. ಉಳಿದ ದಿನ ಒಬ್ಬರೇ ಕೂತು ಚೌಕಾಬಾರ ಆಡುತ್ತಾರೆ, ಎಡಗೈಗೂ ಬಲಗೈಗೂ. ಬಲಗೈ ಬಹಳ ಮೋಸ ಮಾಡುತ್ತದೆ ಅಂತ ಅವರೇ ಹೇಳುತ್ತಾರೆ.

ನನ್ನ ಪಕ್ಕದ ಮನೆ ಬಳೆಗಾರನದು. ಅವನಿಗೆ ಒಬ್ಬಳೇ ಮಗಳು, ತಾಯಿ ಇಲ್ಲದ ಕೂಸು. ಆ ಕೂಸು ಐದು ವರ್ಷದ್ದಾಗಿದ್ದಾಗ ಒಂದು ದಿನ ಕುಂಟುವ ಕೋಳಿಯ ಕಾಲಿಗೆ ಬಟ್ಟೆ ಸುತ್ತಿತು. ಕೋಳಿ ಬದುಕಿತೋ ಸಾರಾಯಿತೋ ನನಗೆ ನೆನಪಿಲ್ಲ, ಯಾಕೆಂದರೆ ನಾವೆಲ್ಲ ಆಗಲೇ ಸಾಲಿನಲ್ಲಿ ನಿಂತಿದ್ದೆವು. ಮೊದಲು ನಿಂತವಳು ನಾನು. ನನ್ನ ಎಡ ಮೊಣಕಾಲನ್ನು ಅವಳಿಗೆ ಕೊಟ್ಟೆ. ಬಲಗಾಲು ಆಗ ಗಟ್ಟಿಮುಟ್ಟಾಗಿತ್ತು, ಇಲ್ಲದಿದ್ದರೆ ಅದನ್ನೂ ಕೊಡುತ್ತಿದ್ದೆ, ನನಗೆ ಜಿಪುಣತನ ಗೊತ್ತಿಲ್ಲ. ಹೆಡ್‌ಮಾಸ್ತರರು ಕಾಲಿನ ಹೆಬ್ಬೆರಳು ಕೊಟ್ಟರು, ಚಕ್ಕುಲಿ ಮಾರುವವಳು ದವಡೆ ಕೊಟ್ಟಳು, ದರ್ಜಿ ಕತ್ತು ಕೊಟ್ಟ. ಬಳೆಗಾರನಿಗೆ ಆವತ್ತು ಎಲ್ಲೂ ನೋವಿರಲಿಲ್ಲ. ಅದೇ ಅವನಿಗೆ ದೊಡ್ಡ ನೋವಾಯಿತು.

ಹುಡುಗಿ ಹೈಸ್ಕೂಲಿಗೆ ಬರುವ ಹೊತ್ತಿಗೆ ಅವನ ಕಣ್ಣಿಗೆ ಮಂಜು ಇಳಿಯಲು ಶುರುವಾಯಿತು. ನಂಬಿದರೆ ನಂಬಿ, ಅವನು ಕುಣಿದುಬಿಟ್ಟ. ಕಣ್ಣು ಅಂದರೆ ಸಾಮಾನ್ಯವೇ? ಹೆಬ್ಬೆರಳು, ಕತ್ತು, ಮೊಣಕಾಲು ಎಲ್ಲವನ್ನೂ ಮೀರಿಸಿದ ಮುಡಿಪು ಅದು. ಹಣೆಯ ಸುತ್ತ ದಪ್ಪನೆಯ ದಾರ ಕಟ್ಟಿಸಿಕೊಂಡು ಪೇಟೆಬೀದಿಯಲ್ಲಿ ತಲೆಯೆತ್ತಿ ನಡೆದ. ಮಂಜು ದಟ್ಟವಾದ ಹಾಗೆ ಅವನ ತಲೆ ಇನ್ನೂ ಮೇಲೆ ಹೋಯಿತು. ಹಸಿರು ಬಳೆ ಕೇಳಿದರೆ ಕೆಂಪು ತೊಡಿಸುತ್ತಿದ್ದ, ಕೆಂಪು ಕೇಳಿದರೆ ಕಪ್ಪು. ಕೈಯ ಅಳತೆ ಮಾತ್ರ ಬೆರಳಲ್ಲೇ ಸರಿಯಾಗಿ ಹೇಳುತ್ತಿದ್ದ. ಊರ ಹೆಂಗಸರು ಒಬ್ಬರೂ ಬಾಯಿ ಬಿಡಲಿಲ್ಲ. ಮುಡಿಪಿನ ಕಣ್ಣು, ತಪ್ಪು ಹೇಳಬಾರದು ಅಂತ ಸಿಕ್ಕ ಬಣ್ಣ ತೊಟ್ಟುಕೊಂಡು ಬಂದೆವು.

ಹುಡುಗಿಗೆ ಮಾತ್ರ ಇದು ಸರಿಹೋಗಲಿಲ್ಲ. ಓದಿದ ಹಾಳೆಗಳಲ್ಲಿ ಅವಳಿಗೆ ಒಂದು ಹಾಳೆ ಗಟ್ಟಿಯಾಗಿ ನೆನಪಿತ್ತು. ಮಂಜು ಕಟ್ಟಿದ ಕಣ್ಣನ್ನು ಬಹಳ ದಿನ ಹಾಗೇ ಬಿಟ್ಟರೆ ಅದು ಕಲ್ಲಾಗುತ್ತದೆ, ಆಮೇಲೆ ಯಾರು ಬಂದರೂ ಬಿಡಿಸಲಾಗದು ಅಂತ. "ಅಪ್ಪ, ಒಂದು ಸಲ ಡಾಕ್ಟರ ಹತ್ತಿರ ಹೋಗಿಬಾ" ಅಂದರೆ, "ಡಾಕ್ಟರು ಇಲ್ಲೇ ಇದ್ದಾರಲ್ಲ, ಅನ್ನ ಬಡಿಸ್ತಾ ಇದ್ದಾರೆ" ಅಂತ ನಗುತ್ತಿದ್ದ. ಅವಳು ದೀಪ ಏರಿಸಿಕೊಂಡು ಇನ್ನಷ್ಟು ಓದಲು ಕೂರುತ್ತಿದ್ದಳು.

ಈಗ ಡಾಕ್ಟರ್ ಓದಿಸುವ ಕಾಲೇಜಿನ ವಿಷಯ ಹೇಳಬೇಕು. ಅದು ಗುಡ್ಡದ ಮೇಲಿದೆ. ಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ, ಆದರೆ ಹೊಸ್ತಿಲಿದೆಯಲ್ಲ, ಅದರದ್ದೇ ತಕರಾರು. ಎರಡು ವರ್ಷ ಓದಿ ಬರೆದ ಉತ್ತರಗಳಲ್ಲಿ ಸರಿಯಾದ ಹಾಳೆಗಳನ್ನಷ್ಟೇ ಆರಿಸಿ, ಒಂದರ ಮೇಲೊಂದು ಪೇರಿಸಿ, ಹೊಸ್ತಿಲ ಮುಂದೆ ಇಡುತ್ತಾರೆ. ಆ ಪೇರಿಕೆಯ ಮೇಲೆ ನಿಂತು ಹೊಸ್ತಿಲು ದಾಟಬೇಕು. ಕೈ ಊರುವ ಹಾಗಿಲ್ಲ, ನೆಗೆಯುವ ಹಾಗಿಲ್ಲ. ಮನೆಗೆ ಬಂದ ಹೊಸ ಸೊಸೆಯ ಹಾಗೆ ಬಲಗಾಲಿಟ್ಟು ನಡೆದೇ ಹೋಗಬೇಕು. ಒಳಗೆ ಹೋದವರು ಹೊರಗೆ ಬಂದು, ನಮ್ಮ ಕಾಲದಲ್ಲಿ ಹೊಸ್ತಿಲು ಎಷ್ಟು ಎತ್ತರವಿತ್ತು ಗೊತ್ತಾ ಅಂತ ಜಂಬ ಕೊಚ್ಚುತ್ತಾರೆ, ಅದನ್ನು ಕೇಳಿ ಗಾರೆಯವನು ಇನ್ನೊಂದು ಸಾಲು ಕಲ್ಲು ಏರಿಸುತ್ತಾನೆ. ಹೀಗೆ ವರ್ಷವರ್ಷ ಏರಿ ಏರಿ, ಈಗ ಅದನ್ನು ಹೊಸ್ತಿಲು ಅನ್ನುವುದು ಬರೀ ಮರ್ಯಾದೆಗೆ. ನೋಡಿದರೆ ಗೋಡೆ.

ಆ ದಿನ ನಾವೆಲ್ಲ ಗುಡ್ಡ ಹತ್ತಿದೆವು. ಮೊಣಕಾಲು, ಹೆಬ್ಬೆರಳು, ದವಡೆ, ಕತ್ತು, ಎಲ್ಲ ಸಾಲಾಗಿ ಕುಂಟುತ್ತ ನರಳುತ್ತ ಹತ್ತಿದೆವು. ಬಳೆಗಾರ ಎಲ್ಲರಿಗಿಂತ ಮುಂದೆ, ನನ್ನ ಹೆಗಲ ಮೇಲೆ ಕೈಯಿಟ್ಟುಕೊಂಡು. ಹುಡುಗಿಯ ಹಾಳೆಗಳನ್ನು ಪೇರಿಸಿದರು. ನನ್ನ ಕಣ್ಣಿಗೆ ಒಳ್ಳೆಯ ಪೇರಿಕೆಯೇ ಅನ್ನಿಸಿತು. ಅವಳು ಹತ್ತಿ ನಿಂತಳು, ಬಲಗಾಲು ಎತ್ತಿದಳು. ಬೆರಳ ತುದಿ ಕಲ್ಲಿಗೆ ತಾಗಿತು. ಇನ್ನೊಮ್ಮೆ ಎತ್ತಿದಳು, ಇನ್ನೊಮ್ಮೆ ತಾಗಿತು. ಕಾವಲಿನವನು ಕೈ ಅಡ್ಡ ಹಿಡಿದು ಅಳೆದು, "ನಾಲ್ಕು ಬೆರಳು ಕಡಿಮೆ. ಇಳಿಯಮ್ಮ, ಹಿಂದೆ ಜನ ಇದ್ದಾರೆ" ಅಂದ.

ನಾವು ಸುಮ್ಮನಿರುತ್ತೇವಾ? ಈ ವರ್ಷ ಹಾಳೆಯೇ ತೆಳ್ಳಗೆ ಬಂದಿದೆ ಅಂತ ಒಬ್ಬರು, ಪೇರಿಸಿದವನು ಗಟ್ಟಿಯಾಗಿ ಒತ್ತಿದ ಅಂತ ಇನ್ನೊಬ್ಬರು, ಬೆಳಿಗ್ಗೆ ಎರಡು ಇಡ್ಲಿ ಜಾಸ್ತಿ ತಿಂದಿದ್ದರೆ ಕಾಲು ಮೇಲೆ ಬರುತ್ತಿತ್ತು ಅಂತ ನಾನು. "ಏನಾಯ್ತು, ದಾಟಿದಳಾ?" ಅಂತ ಬಳೆಗಾರ ಕೇಳುತ್ತಲೇ ಇದ್ದ. ಕೊನೆಗೆ ಅವಳೇ ಬಂದು ಅವನ ಕೈ ಹಿಡಿದುಕೊಂಡು, "ಇಲ್ಲಪ್ಪ" ಅಂದಳು. ಆಮೇಲೆ ಪಕ್ಕದ ಬಂಡೆಯ ಹಿಂದೆ ಹೋಗಿ ಅತ್ತಳು. ಇಷ್ಟವಿಲ್ಲದ ಓದಿಗೆ ನಾವು ಅವಳನ್ನು ದಬ್ಬಿದೆವು ಅಂತ ಅಂದುಕೊಳ್ಳಬೇಡಿ. ಅವಳಿಗೆ ಆ ಬಾಗಿಲ ಒಳಗೆ ಹೋಗಬೇಕಿತ್ತು. ಬಹಳ ಆಸೆಯಿತ್ತು. ಅವಳ ಅಳು ಕೇಳಿ ನಾನೂ ಬಂಡೆಯ ಹತ್ತಿರ ಹೋದೆ.

ಆ ಬಂಡೆಯ ಹಿಂದೆ ಇನ್ನೊಬ್ಬರು ಕೂತಿದ್ದರು. ನರೆತ ಗಡ್ಡ, ಬಾಗಿದ ಬೆನ್ನು, ತೊಡೆಯ ಮೇಲೆ ಹಳದಿಯಾದ ಹಾಳೆಗಳ ಪೇರಿಕೆ. ಅವರನ್ನು ನಾವು ಹಿರಿಯ ವಿದ್ಯಾರ್ಥಿ ಅನ್ನುತ್ತೇವೆ. ನಾನು ಲಂಗ ಉಡುತ್ತಿದ್ದ ಕಾಲದಿಂದ ಅವರು ಪ್ರತಿ ವರ್ಷ ಹೊಸ್ತಿಲ ಮುಂದೆ ನಿಂತು ಕಾಲೆತ್ತುತ್ತಾರೆ.

"ಎಷ್ಟು ಕಡಿಮೆ ಬಿತ್ತು ಮಗು?" ಅಂತ ಕೇಳಿದರು.

"ನಾಲ್ಕು ಬೆರಳು."

"ನನಗೂ ಮೊದಲ ಸಲ ಅಷ್ಟೇ. ಅದೇನೂ ಲೆಕ್ಕವಲ್ಲ. ಮುಂದಿನ ವರ್ಷ ಖಂಡಿತ ಆಗುತ್ತೆ." ಈ ಮಾತನ್ನು ಅವರು ಎಷ್ಟು ವರ್ಷದಿಂದ ಹೇಳುತ್ತಿದ್ದರೂ ಅದರಲ್ಲಿ ಒಂದು ಚೂರು ಸಂಶಯ ಬೆರೆತಿರಲಿಲ್ಲ.

ಹುಡುಗಿ ಮೂಗು ಒರೆಸಿಕೊಂಡು, "ನಿಮಗೆ ಮುಡಿಪು ಕಟ್ಟಿದವರು ಏನಂತಾರೆ?" ಅಂದಳು.

"ಬಂಗಾರದಂಥ ಜನ. ಒಬ್ಬರೂ ಬೇರೆ ಡಾಕ್ಟರ ಹತ್ತಿರ ಹೋಗಲಿಲ್ಲ. ದಾರ ಬಿಚ್ಚಲಿಲ್ಲ. ಒಂದು ಕೆಟ್ಟ ಮಾತಾಡಲಿಲ್ಲ."

"ಈಗ ಹೇಗಿದ್ದಾರೆ?"

ಹಿರಿಯ ವಿದ್ಯಾರ್ಥಿ ಹಾಳೆಗಳ ಅಂಚನ್ನು ತೊಡೆಗೆ ತಟ್ಟಿ ತಟ್ಟಿ ಸಮ ಮಾಡಿದರು. ಆಮೇಲೆ, "ಈಗ ಯಾರೂ ಇಲ್ಲ" ಅಂದರು.

ಹುಡುಗಿಯ ಅಳು ನಿಂತಿತು. ಗುಡ್ಡ ಇಳಿಯುವಾಗ ಅಪ್ಪನ ಕೈ ತಾನೇ ಹಿಡಿದುಕೊಂಡಳು.

ಮುಡಿಪು ಬಿಡಿಸುವುದಕ್ಕೂ ನಮ್ಮಲ್ಲಿ ಒಂದು ಕಟ್ಟಳೆಯಿದೆ. ಎಲ್ಲರಿಗೂ ಗೊತ್ತು, ಮಾಡಿದ್ದು ಮಾತ್ರ ಯಾರೂ ನೋಡಿಲ್ಲ. ಮಗುವೇ ಹಗಲು ಹೊತ್ತಿನಲ್ಲಿ ಬಾಗಿಲಿಗೆ ಬರಬೇಕು. "ಈ ನೋವು ನನ್ನದಲ್ಲ, ನಾನು ನಿಮ್ಮ ಡಾಕ್ಟರಲ್ಲ" ಅಂತ ಮೂರು ಸಲ ಹೇಳಬೇಕು. ಆಮೇಲೆ ದಾರವನ್ನು ತನ್ನ ಹಲ್ಲಿನಿಂದಲೇ ಕಡಿಯಬೇಕು. ಕತ್ತರಿ ಮುಟ್ಟಿಸುವ ಹಾಗಿಲ್ಲ. ಈ ಕಟ್ಟಳೆ ಮಾಡಿದವರು ಬುದ್ಧಿವಂತರು. ಯಾರ ಮಗು ಬಂದು ಊರವರ ಹೆಬ್ಬೆರಳಿಗೆ ಬಾಯಿ ಹಾಕುತ್ತದೆ ಹೇಳಿ?

ಮಾರನೆಯ ಬೆಳಿಗ್ಗೆ ಹುಡುಗಿ ದರ್ಜಿಯ ಬಾಗಿಲಲ್ಲಿ ನಿಂತಳು. ದರ್ಜಿ ಅವಳ ಮಾತು ಮೂರು ಸಲ ಕೇಳಿಸಿಕೊಂಡ, ಆದರೂ ಅರ್ಥವಾಗಲಿಲ್ಲ. ಅವಳು ಕತ್ತಿನ ಹತ್ತಿರ ಬಗ್ಗಿದಾಗ ಅವನ ಹೆಂಡತಿ ಒಳಗಿಂದ ಸೌಟು ಹಿಡಿದು ಓಡಿಬಂದಳು. ದಾರ ಕಟ್ ಅಂತ ಕಡಿಯಿತು. ಚಕ್ಕುಲಿ ಮಾರುವವಳು ಅಡ್ಡಡ್ಡ ತಲೆಯಾಡಿಸುತ್ತಿದ್ದಳೇ ಹೊರತು, ದವಡೆಗೆ ದಾರ ಬಿಗಿದಿದ್ದರಿಂದ ಬೇಡ ಅನ್ನಲು ಬಾಯಿ ತೆರೆಯಲಾಗಲಿಲ್ಲ. ಹೆಡ್‌ಮಾಸ್ತರರು ಸುದ್ದಿ ಕೇಳಿ ಹಿತ್ತಲ ಬಾಗಿಲಿಂದ ಓಡಿದರು. ಹೆಬ್ಬೆರಳು ನೋಯುವವರು ಎಷ್ಟು ದೂರ ಓಡಿಯಾರು? ಬಾವಿಕಟ್ಟೆಯ ಹತ್ತಿರ ಸಿಕ್ಕಿಬಿದ್ದರು. "ಕಾಲಾದರೂ ತೊಳೆದುಕೊಳ್ತೀನಿ ಇರಮ್ಮ" ಅಂತ ಗೋಗರೆದರು. ತೊಳೆಯುವ ತನಕ ಅವಳು ಕಾದಳು. ಅಷ್ಟು ಸೌಜನ್ಯ ಅವಳಿಗಿತ್ತು.

ಮಧ್ಯಾಹ್ನದ ಹೊತ್ತಿಗೆ ನನ್ನ ಬಾಗಿಲಿಗೆ ಬಂದಳು. ನಾನು ಸೆರಗು ಸಿಕ್ಕಿಸಿಕೊಂಡು ಸಿದ್ಧವಾಗಿದ್ದೆ.

"ನಾಚಿಕೆ ಆಗಲ್ವೇನೇ ನಿನಗೆ?" ಅಂದೆ. "ಒಂದು ಸಲ ಕಾಲು ಎಡವಿದ್ದಕ್ಕೆ ಊರಿನ ಮುಡಿಪೆಲ್ಲ ಬಿಚ್ಚಿಕೊಂಡು ಬರ್ತಾರಾ? ಹನ್ನೆರಡು ವರ್ಷ ಈ ಕಾಲನ್ನ ನಿನಗೇ ಅಂತ ಇಟ್ಕೊಂಡಿದೀನಿ. ಒಂದು ಹನಿ ಎಣ್ಣೆ ಹಚ್ಚಿಲ್ಲ. ಅಷ್ಟು ಜೋಪಾನ ಮಾಡಿದೀನಿ."

"ಅದಕ್ಕೇ ಬಂದೆ ಅತ್ತೆ. ಕಾಲು ಚಾಚಿ."

"ಚಾಚಲ್ಲ. ಮುಂದಿನ ವರ್ಷ ದಾಟ್ತೀಯ."

"ದಾಟದಿದ್ರೆ?"

"ಅದರ ಮುಂದಿನ ವರ್ಷ."

"ಅತ್ತೆ, ನಿಮಗೆ ಮೆಟ್ಟಿಲು ಹತ್ತಿ ಎಷ್ಟು ವರ್ಷ ಆಯ್ತು?"

ಇಂಥ ಪ್ರಶ್ನೆ ಕೇಳಬಾರದು. ನಮ್ಮ ಮನೆಯ ಮಾಳಿಗೆ ನಾನು ನೋಡಿ ಯಾವ ಕಾಲವಾಯಿತೋ ಏನೋ. ನಾನು ಬೈಯುತ್ತಲೇ ಕಾಲು ಚಾಚಿದೆ. ಅವಳು ಮೂರು ಸಲ ಹೇಳಿದಳು, ಬಗ್ಗಿ ಕಡಿದಳು. ದಾರ ಇದ್ದಾಗ ಅದು ಮರ್ಯಾದಸ್ಥ ನೋವು, ಹೆಸರಿರುವ ನೋವು. ದಾರ ಹೋದ ಮೇಲೆ ನೋಡಿದರೆ ಬರೀ ಊದಿಕೊಂಡ ಮೊಣಕಾಲು. ನನಗೆ ಸಿಟ್ಟೂ ಬಂತು, ನಗುವೂ ಬಂತು.

"ಮುಂದೇನು ಮಾಡ್ತೀಯ ಈಗ?" ಅಂತ ಕೇಳಿದೆ.

"ಗೊತ್ತಿಲ್ಲ ಅತ್ತೆ," ಅಂದಳು.

ನಮ್ಮೂರಿನ ಮಗುವೊಂದು ಈ ಮಾತು ಆಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಕೇಳಲು ಅಷ್ಟೇನೂ ಕೆಟ್ಟದಾಗಿರಲಿಲ್ಲ.

ಅವಳು ಅಲ್ಲಿಂದ ತನ್ನ ಮನೆಯ ಕಡೆ ತಿರುಗಿದಳು. ನಾನೂ ಹಿಂದೆ ಹೋದೆ. ಅವಳಿಗೆ ಧೈರ್ಯಕ್ಕೆ ಅಂತ ಹೋದೆ. ಸರಿ, ಕುತೂಹಲಕ್ಕೇ ಹೋದೆ. ತನ್ನ ಮನೆಯ ಬಾಗಿಲಿಗೆ ಬಂದು ಹುಡುಗಿ ಒಳಗೆ ಹೋಗಲಿಲ್ಲ, ಕಟ್ಟಳೆಯಂತೆ ಹೊರಗೇ ನಿಂತಳು. ಬಳೆಗಾರ ಜಗುಲಿಯ ಮೇಲೆ ಕೂತು ಬೆರಳಾಡಿಸಿ ಒಡೆದ ಬಳೆಗಳನ್ನು ಬೇರೆ ಮಾಡುತ್ತಿದ್ದ. ಊರಿನ ಸುದ್ದಿ ಅವನ ಕಿವಿಗೆ ಬೆಳಿಗ್ಗೆಯೇ ಬಿದ್ದಿತ್ತು, ನಾನೇ ಹೇಳಿದ್ದೆ.

"ಅಪ್ಪ, ಹಣೆ ಈ ಕಡೆ ತಿರುಗಿಸು."

"ಯಾಕೆ, ದಾರದ ಬಣ್ಣ ಹೋಗಿದೆಯಾ? ಹೊಸದು ಕಟ್ಟೋಣ ಬಿಡು."

"ಹೊಸದು ಬೇಡ."

"ನಾಲ್ಕೇ ಬೆರಳು ಕಣೇ. ಮುಂದಿನ ವರ್ಷ ನಾಲ್ಕು ಬೆರಳು ಏನು ದೊಡ್ಡದು?"

"ಮುಂದಿನ ವರ್ಷ ಹೊಸ್ತಿಲೂ ಏರುತ್ತೆ ಅಪ್ಪ."

"ಏರಲಿ. ನಾನೇನು ಅವಸರ ಮಾಡಿದೆನಾ? ಕಣ್ಣೇನು ಎದ್ದು ಓಡಿಹೋಗುತ್ತಾ? ನಾನು ಕಾಯ್ತೀನಿ."

"ಗೊತ್ತು. ನೀನು ಕಾಯ್ತೀಯ. ಅದೇ ನನಗೆ ಭಯ."

ಬಳೆಗಾರನ ಕೈ ನಿಂತಿತು. ಮಗಳ ದನಿ ಬಂದ ಕಡೆಗೆ ಮುಖ ಮಾಡಿದ, ಸ್ವಲ್ಪ ತಪ್ಪಾಗಿ, ನನ್ನ ಕಡೆಗೆ.

"ನಿನಗೆ ಆಸೆ ಇಲ್ವಾ ಮಗಳೇ?" ಅಂದ.

"ಇತ್ತಪ್ಪ. ಈಗಲೂ ಇದೆ. ಹೇಗಾದ್ರೂ ಮಾಡಿ ಆ ಹೊಸ್ತಿಲು ದಾಟಬೇಕು ಅಂತ ನಿನ್ನೆ ರಾತ್ರಿಯೆಲ್ಲ ಅನ್ನಿಸ್ತಿತ್ತು. ಆದರೆ ನಿನ್ನ ಕಣ್ಣಿನ ಮೇಲೆ ನಿಂತು ದಾಟಲಾರೆ."

ಅವನು ಕೈಯಲ್ಲಿದ್ದ ಬಳೆಗಳನ್ನು ಕೆಳಗಿಟ್ಟ. ಆಮೇಲೆ ನಿಧಾನವಾಗಿ ಹಣೆಯನ್ನು ಮುಂದಕ್ಕೆ ಬಗ್ಗಿಸಿದ. ಹುಡುಗಿ, "ಈ ನೋವು ನನ್ನದಲ್ಲ, ನಾನು ನಿಮ್ಮ ಡಾಕ್ಟರಲ್ಲ" ಅಂದಳು. ಎರಡನೆಯ ಸಲವೂ ಅಂದಳು. ಮೂರನೆಯ ಸಲಕ್ಕೆ ತಡವರಿಸಿದಳು. ಬೆಳಗಿನಿಂದ ಊರಿನ ಅಷ್ಟೂ ಬಾಗಿಲಲ್ಲಿ ಪಟಪಟ ಹೇಳಿದ ಮಾತು ಅಪ್ಪನ ಮುಂದೆ ಹೊರಗೆ ಬರಲಿಲ್ಲ. ಬಾಯಿ ತೆರೆಯುತ್ತಾಳೆ, ಮುಚ್ಚುತ್ತಾಳೆ.

ಬಳೆಗಾರನೇ ಹೇಳಿದ. "ಈ ನೋವು ನಿನ್ನದಲ್ಲ ಕಂದ. ನೀನು ನನ್ನ ಡಾಕ್ಟರಲ್ಲ."

ಕಟ್ಟಳೆಯ ಪ್ರಕಾರ ಮಗುವೇ ಹೇಳಬೇಕು. ಬೇರೆಯವರು ಹೇಳಿದರೆ ಲೆಕ್ಕಕ್ಕಿಲ್ಲ. ಅದನ್ನು ಹೇಳೋಣ ಅಂತ ನಾನು ಗಂಟಲು ಸರಿಮಾಡಿಕೊಂಡೆ. ಆದರೆ ಹುಡುಗಿ ಆಗಲೇ ಬಗ್ಗಿ ಅವನ ಹಣೆಯ ದಾರಕ್ಕೆ ಹಲ್ಲು ಹಾಕಿದ್ದಳು. ದಪ್ಪ ದಾರ, ಬೇಗ ಕಡಿಯಲಿಲ್ಲ. ಅವಳ ಕಣ್ಣೀರು ಅವನ ಹುಬ್ಬಿನ ಮೇಲೆ ಇಳಿಯಿತು, ಅವನು ಒರೆಸಿಕೊಳ್ಳಲಿಲ್ಲ.

ಡಾಕ್ಟರ ಮನೆಯ ಮುಂದೆ ಆ ಮಧ್ಯಾಹ್ನ ಜಾತ್ರೆ. ದರ್ಜಿ, ಚಕ್ಕುಲಿಯವಳು, ಕಾಲು ತೊಳೆದ ಹೆಡ್‌ಮಾಸ್ತರರು, ಎಲ್ಲ ಬಂದು ಕೂತಿದ್ದರು. ಡಾಕ್ಟರಿಗೆ ಕೈಕಾಲೇ ಆಡಲಿಲ್ಲ. ಚೌಕಾಬಾರದ ಕವಡೆಗಳು ನೆಲದ ಮೇಲೆ ಚೆಲ್ಲಾಪಿಲ್ಲಿ, ಅವರು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತ, "ಬನ್ನಿ ಬನ್ನಿ, ಎಲ್ಲರೂ ಬನ್ನಿ, ನಿಮ್ಮದೇ ಮನೆ" ಅನ್ನುತ್ತಿದ್ದರು. ಸಾಲಿನಲ್ಲಿದ್ದವರು ಬಳೆಗಾರನನ್ನು ಕಂಡು ಎದ್ದು ದಾರಿ ಬಿಟ್ಟರು. ಅವನ ಒಂದು ಕೈ ಮಗಳು ಹಿಡಿದಿದ್ದಳು, ಇನ್ನೊಂದನ್ನು ನಾನು.

ಡಾಕ್ಟರು ದೀಪ ಹಿಡಿದು ಎಡಗಣ್ಣು ನೋಡಿದರು. ಬಲಗಣ್ಣು ನೋಡಿದರು. ಮತ್ತೆ ಬಲಗಣ್ಣು ನೋಡಿದರು.

"ಎಡಗಣ್ಣು ಬರುತ್ತೆ," ಅಂದರು. "ನಾಳೆಯೇ ಪೊರೆ ತೆಗೆದುಬಿಡೋಣ." ಆಮೇಲೆ ದನಿ ತಗ್ಗಿಸಿದರು. "ಬಲಗಣ್ಣು ಕಲ್ಲಾಗಿದೆ. ಎರಡು ವರ್ಷ ಮೊದಲು ಬಂದಿದ್ದರೆ..."

ಬಳೆಗಾರ ಅವರ ಮಾತನ್ನು ಅಲ್ಲೇ ಕತ್ತರಿಸಿದ. "ಅದಾ? ಅದು ನಾನು ಹುಟ್ಟಿದಾಗಿಂದ ಹಾಗೇ ಡಾಕ್ಟ್ರೇ."

ಹುಡುಗಿ ಅಪ್ಪನ ಮುಖ ನೋಡಿದಳು. ಡಾಕ್ಟರು ಹುಡುಗಿಯ ಮುಖ ನೋಡಿದರು. ಆಮೇಲೆ ಇಬ್ಬರೂ ನನ್ನ ಮುಖ ನೋಡಿದರು, ಯಾಕೆಂದರೆ ಅವನ ಪಕ್ಕದ ಮನೆಯಲ್ಲೇ ಹುಟ್ಟಿ ಬೆಳೆದವಳು ನಾನು. ಅವನ ಮದುವೆಯಲ್ಲಿ ನಾನಿದ್ದೆ. ಮಂಟಪದಲ್ಲಿ ಕೂತು, ಪುರೋಹಿತರ ಗಮನ ತಪ್ಪಿಸಿ, ಈ ಹುಡುಗಿಯ ಅಮ್ಮನಿಗೆ ಅವನು ಕಣ್ಣು ಹೊಡೆದದ್ದು ಆಗ ಫಳಫಳ ಹೊಳೆಯುತ್ತಿದ್ದ ಆ ಬಲಗಣ್ಣಿನಲ್ಲೇ. ಅದನ್ನು ಊರಿಗೆಲ್ಲ ಹೇಳಿಕೊಂಡು ನಕ್ಕವಳೂ ನಾನೇ.

"ಹೌದು ಡಾಕ್ಟ್ರೇ," ಅಂದೆ. "ಹುಟ್ಟಿದಾಗಿಂದ."